ಆರತಿ ತಟ್ಟೆ ಯಾರ ಕೈಗೆ? ಸೇನೆಯಲ್ಲಿ ಧರ್ಮಗುರುವಾಗಿ ನನ್ನ ಅನುಭವ

ಸೇನೆಯಲ್ಲಿ ಪಂಡಿತನಾಗಿದ್ದೆ ಎಂದರೆ ಊರಿನವರು ಮಂದಿರದ ಪೂಜೆಯಷ್ಟೇ ಎಂದುಕೊಳ್ಳುತ್ತಾರೆ. ಪಂಡಿತ, ಮೌಲ್ವಿ, ಸಿಖ್ಖರ ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲರೂ ಜವಾನರಿಗೂ ಅಧಿಕಾರಿಗಳಿಗೂ ನಡುವಿನ ನಾಯಬ್ ಸುಬೇದಾರ್ ದರ್ಜೆಗೆ ಸೇರುವ ಧರ್ಮಗುರುಗಳು. ಪೂಜೆ, ಪ್ರಾರ್ಥನೆಗಳ ಜೊತೆಗೆ ಅಂತ್ಯಕ್ರಿಯೆ ನಡೆಸುವುದು, ಆಸ್ಪತ್ರೆಯಲ್ಲಿ ಮಲಗಿದವರನ್ನೂ ಶಿಕ್ಷೆಗೊಳಗಾದ ಸೈನಿಕರನ್ನೂ ಕಂಡು ಧೈರ್ಯ ಹೇಳುವುದು ನಮ್ಮ ಕರ್ತವ್ಯ. ಪುಣೆಯ ರಾಷ್ಟ್ರೀಯ ಏಕೀಕರಣ ಸಂಸ್ಥೆಯ ತರಬೇತಿಯಲ್ಲಿ ಮೌಲ್ವಿಯೊಬ್ಬರು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಆಮೇಲೆ ಎಷ್ಟೋ ಬಿಕ್ಕಟ್ಟುಗಳಲ್ಲಿ ಅವರಿಗೇ ಫೋನ್ ಮಾಡಿ ಸಲಹೆ ಕೇಳಿದ್ದೇನೆ.

ನನ್ನ ಪಡೆಯಲ್ಲಿ ದಕ್ಷಿಣದ ಎಲ್ಲ ರಾಜ್ಯಗಳ ಜವಾನರಿದ್ದರು. ಹಿಂದೂಗಳೇ ಹೆಚ್ಚು, ಕ್ರೈಸ್ತರು ಸಾಕಷ್ಟು, ಮುಸ್ಲಿಮರು ಕೆಲವರು. ಎಲ್ಲರಿಗೂ ಒಂದೇ ಸರ್ವಧರ್ಮ ಸ್ಥಳ. ಒಳಗೆ ಕಲಹ ಹುಟ್ಟಿದ್ದನ್ನು ನಾನು ಕಂಡಿಲ್ಲ. ಬಂದದ್ದೆಲ್ಲ ಊರಿನಿಂದ, ಮೊಬೈಲಿನಲ್ಲಿ. ಒಮ್ಮೆ ಒಬ್ಬ ಜವಾನನ ಊರಿನಲ್ಲಿ ಮೆರವಣಿಗೆಯ ವೇಳೆ ಗಲಾಟೆಯಾಯಿತು. ಮರುದಿನ ಅವನು ತನ್ನ ಮಂಚವನ್ನು ಬ್ಯಾರಕ್‌ನ ಇನ್ನೊಂದು ಮೂಲೆಗೆ ಎಳೆದುಕೊಂಡಿದ್ದ. ಅದುವರೆಗೆ ಪಕ್ಕದಲ್ಲಿದ್ದವನು ಮುಸ್ಲಿಂ ಗೆಳೆಯ. ಯಾರೂ ದೂರು ಕೊಡಲಿಲ್ಲ, ಜಗಳವಂತೂ ಇಲ್ಲ. ಆದರೆ ರಾತ್ರಿ ಪಹರೆಯಲ್ಲಿ ಪರಸ್ಪರರ ಬೆನ್ನು ಕಾಯಬೇಕಾದವರ ನಡುವೆ ಇಂಥ ಮೌನ ಅಪಾಯಕಾರಿ.

ಭಾಷಣದಿಂದ ಇದು ಸರಿಹೋಗುವುದಿಲ್ಲ. ಮೊದಲು ಅವನ ಮನೆಗೆ ಫೋನ್ ಮಾಡಿಸಿದೆ. ತಾಯಿ, ತಂಗಿ ಕ್ಷೇಮವಾಗಿದ್ದಾರೆ ಎಂದು ಅವರ ಬಾಯಿಂದಲೇ ಕೇಳಿದ ಮೇಲೆ ಅವನ ಅರ್ಧ ಸಿಟ್ಟು ಇಳಿಯಿತು. ಸಿಟ್ಟಿನ ಅಡಿಯಲ್ಲಿದ್ದದ್ದು ಭಯ. ಆಗ ರಂಜಾನ್ ತಿಂಗಳು. ಉಪವಾಸ ಇರುವವರಿಗೆ ಸಹರಿಯ, ಅಂದರೆ ಬೆಳಗಾಗುವ ಮುಂಚಿನ, ಊಟ ಹೊತ್ತಿಗೆ ಸರಿಯಾಗಿ ಸಿಗುವಂತೆ ಲಂಗರಿನವರಿಗೆ (ಪಡೆಯ ಅಡುಗೆಮನೆಯವರಿಗೆ) ಹೇಳಿಸಿದ್ದೆ. ಅದನ್ನು ನೋಡಿಕೊಳ್ಳುವ ಹೊಣೆಯನ್ನು, ಸುಬೇದಾರ್ ಮೇಜರ್ ಸಾಹೇಬರ ಒಪ್ಪಿಗೆ ಪಡೆದು, ಇದೇ ಜವಾನನಿಗೆ ವಹಿಸಿದೆ. ನಸುಕಿನಲ್ಲಿ ಗೆಳೆಯನನ್ನು ಎಬ್ಬಿಸಿ ರೊಟ್ಟಿ, ಚಹಾ ಕೊಡಬೇಕಾದವನು ಅವನೇ. ಹಬ್ಬ ಬರುವ ಮೊದಲೇ ಮಂಚ ಹಳೆಯ ಜಾಗಕ್ಕೆ ಬಂದಿತ್ತು.

ಗಡಿಯ ಒಂದು ಠಾಣೆಯಲ್ಲಿ ಕೇರಳದ ಕ್ರೈಸ್ತ ಜವಾನನೊಬ್ಬ ತೀರಿಕೊಂಡಾಗ ಹಿಮದಿಂದ ದಾರಿ ಮುಚ್ಚಿತ್ತು, ಪಾದ್ರಿ ಬರುವಂತಿರಲಿಲ್ಲ. ನಾನು ಮಂತ್ರ ಹೇಳಲಿಲ್ಲ. ಅವನ ಊರಿನ ಕಡೆಯ ಹವಾಲ್ದಾರರಿಂದ ಮಲಯಾಳಂ ಬೈಬಲಿನ 23ನೇ ಕೀರ್ತನೆ ಓದಿಸಿ, ತಲೆಬಾಗಿ ನಿಂತೆ.

ಇತ್ತೀಚೆಗೆ ಒಂದು ಪ್ರಕರಣ ಎಲ್ಲರ ಬಾಯಲ್ಲಿದೆ. ರೆಜಿಮೆಂಟಿನ ಮಂದಿರದ ಗರ್ಭಗುಡಿಯೊಳಗೆ ಹೋಗಲು ಒಪ್ಪದ ಕ್ರೈಸ್ತ ಅಧಿಕಾರಿಯನ್ನು 2021ರಲ್ಲಿ ಸೇವೆಯಿಂದ ತೆಗೆಯಲಾಯಿತು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಅವಕಾಶ ಕೊಡುತ್ತದೆ. ಆದೇಶವಿಲ್ಲದೆ ಸೇನೆಯಿಲ್ಲ ಎಂಬುದನ್ನೂ ಬಲ್ಲೆ. ಆದರೂ ಇಂಥ ವಿಷಯ ನ್ಯಾಯಾಲಯದವರೆಗೆ ಹೋಗುವ ಮೊದಲೇ ಧರ್ಮಗುರು ಮಾಡಬಹುದಾದ ಕೆಲಸ ಬಹಳಷ್ಟಿದೆ ಎಂದು ನಾನು ನಂಬುತ್ತೇನೆ. ಹೊಸ ಅಧಿಕಾರಿ ಬಂದರೆ ಮೊದಲ ಭಾನುವಾರದ ಮಂದಿರ್ ಪರೇಡ್‌ಗೆ (ಪಡೆಯವರೆಲ್ಲ ಸೇರುವ ಪೂಜೆಗೆ) ಮುಂಚೆಯೇ ಭೇಟಿಯಾಗಿ ಅಲ್ಲಿ ಏನೇನು ನಡೆಯುತ್ತದೆ ಎಂದು ವಿವರಿಸುತ್ತಿದ್ದೆ. ಆರತಿ ಬೆಳಗಲು ಮನಸ್ಸು ಒಪ್ಪದವರಿದ್ದರೆ ಕಮಾಂಡಿಂಗ್ ಆಫೀಸರ್ ಅವರಿಗೆ ಮೊದಲೇ ತಿಳಿಸಿ, ತಟ್ಟೆಯನ್ನು ಸುಬೇದಾರ್ ಮೇಜರ್ ಕೈಗೆ ಕೊಡುತ್ತಿದ್ದೆ. ಅಧಿಕಾರಿ ತನ್ನ ಜವಾನರ ಸಾಲಿನಲ್ಲಿ ನಿಂತಿದ್ದರೆ ಜವಾನರಿಗೆ ಅಷ್ಟು ಸಾಕಾಗಿತ್ತು.