ಪೆಟ್ರಾ ನೋಡಬೇಕೆಂದರೆ ನೀರಿನ ಜಾಡು ಹಿಡಿಯಿರಿ

ಜೋರ್ಡಾನ್‌ನ ಪ್ರಾಚೀನ ನಗರ ಪೆಟ್ರಾಗೆ ಹೋದವರಲ್ಲಿ ಎಷ್ಟೋ ಜನ ಖಜ಼್ನೆ ಎಂಬ ಬಂಡೆಯಲ್ಲಿ ಕೆತ್ತಿದ ಸ್ಮಾರಕದ ಎದುರು ಫೋಟೊ ತೆಗೆಸಿಕೊಂಡು, ಬಿಸಿಲು ಏರಿದ ಕೂಡಲೇ ವಾಪಸ್ ಬಂದುಬಿಡುತ್ತಾರೆ. ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಊರು ಶುರುವಾಗುವುದೇ ಅಲ್ಲಿಂದಾಚೆ ಅಲ್ವಾ!

ಪಕ್ಕದ ವಾದಿ ಮೂಸಾ ಊರಿನಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ. ಒಂದು ದಿನದ ಟಿಕೆಟ್ 50 ದಿನಾರ್, ಎರಡು ದಿನಕ್ಕೆ 55. ಹಾಗಾಗಿ ಎರಡು ದಿನದ್ದೇ ತೆಗೆದುಕೊಳ್ಳಿ.

ಗೈಡ್‌ನನ್ನು ವಿಸಿಟರ್ ಸೆಂಟರ್‌ನಲ್ಲೇ ಗೊತ್ತುಮಾಡಿಕೊಳ್ಳಿ, ಲೈಸೆನ್ಸ್ ಇರುವವರು ಅಲ್ಲಿ ಸಿಗುತ್ತಾರೆ. ಹೊರಡುವ ಮೊದಲೇ ಕೇಳಿ: ಎಷ್ಟು ಹೊತ್ತು, ಎಲ್ಲಿಯವರೆಗೆ, ಮೆಟ್ಟಿಲು ಹತ್ತಿ ಬರುತ್ತೀರಾ? ಸಾಮಾನ್ಯ ದರಕ್ಕೆ ಮುಖ್ಯ ದಾರಿಯಷ್ಟೇ ತೋರಿಸುತ್ತಾರೆ, ಬೆಟ್ಟಕ್ಕೆ ಬೇರೆ ಮಾತಾಡಬೇಕು. ಆಮೇಲೆ ಇನ್ನೊಂದು ಮಾತು ಹೇಳಿ: "ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು, ಅದನ್ನು ತೋರಿಸಿ." ನಾನು ಹೀಗೆ ಕೇಳಿದ ಮೇಲೆ ನಮ್ಮ ಗೈಡ್ ಬಾಯಿಪಾಠ ಬಿಟ್ಟು ಮನಸ್ಸಿಟ್ಟು ಮಾತಾಡಲು ಶುರು ಮಾಡಿದರು.

ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಆಗದ ಜಾಗ ಇದು. ಆದರೆ ಬಿದ್ದ ದಿನ ಕಣಿವೆಯಲ್ಲಿ ಪ್ರವಾಹವೇ ಬರುತ್ತದೆ. ಅದಕ್ಕೆ ಈ ಊರು ಕಟ್ಟಿದ ನಬಾತಿಯನ್ನರು, ಊರೊಳಗೆ ಹೋಗುವ ಇಕ್ಕಟ್ಟಾದ ಸೀಕ್ ಕಮರಿಯ ಬಾಯಿಗೆ ಅಣೆಕಟ್ಟು ಹಾಕಿ, ಬೆಟ್ಟ ಕೊರೆದು, ನೀರನ್ನು ಸುರಂಗದಲ್ಲಿ ಬೇರೆ ಕಡೆ ತಿರುಗಿಸಿದ್ದರು. ಮೊದಲು ಆ ಸುರಂಗದ ಬಾಯಿ ನೋಡಿ. 1963ರಲ್ಲಿ ಇದೇ ಕಮರಿಗೆ ನೀರು ನುಗ್ಗಿ ಪ್ರವಾಸಿಗಳು ಸತ್ತಿದ್ದರು. ಮಳೆ ಬರುತ್ತದೆಂದು ಗೇಟ್ ಮುಚ್ಚಿದರೆ ವಾದ ಮಾಡದೆ ರೂಮಿಗೆ ಹೋಗಿ.

ಬೆಳಿಗ್ಗೆ 6ಕ್ಕೆ ಬಾಗಿಲು ತೆರೆಯುತ್ತದೆ, ಆಗಲೇ ಒಳಗಿರಿ. ಸೀಕ್ ಸುಮಾರು 1.2 ಕಿಲೋಮೀಟರ್ ಉದ್ದ. ಬೇಗ ಬೇಗ ನಡೆಯಬೇಡಿ. ಸೊಂಟದೆತ್ತರಕ್ಕೆ ಗೋಡೆ ನೋಡುತ್ತಾ ಹೋಗಿ, ಒಂದು ಕಡೆ ಬಂಡೆಯಲ್ಲೇ ಕೊರೆದ ಕಾಲುವೆ, ಇನ್ನೊಂದು ಕಡೆ ಸುಟ್ಟ ಮಣ್ಣಿನ ಕೊಳವೆಯ ತುಂಡುಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಮೂಸಾ ಬುಗ್ಗೆಯ ನೀರು ಊರಿಗೆ ಹರಿಯುತ್ತಿದ್ದದ್ದು ಹೀಗೆ. ದಾರಿಯಲ್ಲೇ ಒಂಟೆ ಸಾಲಿನ ಕೆತ್ತನೆ ಇದೆ, ಮೇಲಿನ ಭಾಗ ಸವೆದು ಕಾಲುಗಳಷ್ಟೇ ಉಳಿದಿವೆ. ಗೈಡ್ ಇಲ್ಲದಿದ್ದರೆ ನಾನು ಸುಮ್ನೆ ದಾಟಿ ಹೋಗುತ್ತಿದ್ದೆ. ಧೂಪ ಹೊತ್ತು ಬಂದ ಅಂಥ ಒಂಟೆಗಳಿಂದಲೇ ಈ ಊರು ಸಿರಿವಂತವಾಯಿತು.

ಖಜ಼್ನೆ ಸುಮಾರು 40 ಮೀಟರ್ ಎತ್ತರ, ಮೇಲಿನಿಂದ ಕೆಳಕ್ಕೆ ಕೆತ್ತಿಕೊಂಡು ಬಂದದ್ದು. ಹೆಸರಿಗೆ ಖಜಾನೆ, 2003ರಲ್ಲಿ ಅಗೆದಾಗ ಕೆಳಗೆ ಸಿಕ್ಕಿದ್ದು ಸಮಾಧಿಗಳು. ಮೇಲಿಂದ ಫೋಟೊ ಚೆನ್ನಾಗಿ ಬರುತ್ತದೆ ಎಂದು ಬಂಡೆ ಹತ್ತಿಸಲು ಕೆಲವರು ಕರೆಯುತ್ತಾರೆ. ಹೋಗಬೇಡಿ, ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ.

ಅಲ್ಲಿಂದ ಮುಂದೆ ರಂಗಮಂದಿರ, ರಾಜರ ಸಮಾಧಿಗಳು, ಕಂಬಗಳ ಬೀದಿ. ಎಲ್ಲರೂ ತೋರಿಸುತ್ತಾರೆ. ಆದರೆ ಮಹಾ ದೇವಾಲಯದ ಪಕ್ಕದ ಖಾಲಿ ಜಾಗವನ್ನು ಕೇಳಿಯೇ ನೋಡಬೇಕು. ಈಗ ಬರೀ ಕಲ್ಲು ಮಣ್ಣು. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಕೊಳ, ನಡುವೆ ಒಂದು ಮಂಟಪ, ಸುತ್ತ ತೋಟ ಇತ್ತು. ಮರುಭೂಮಿ ದಾಟಿ ಬಾಯಾರಿ ಬಂದ ವ್ಯಾಪಾರಿಯ ಕಣ್ಣಿಗೆ ಅದು ಬಿದ್ದಾಗ ಹೇಗನ್ನಿಸಿರಬೇಕು!

ಎರಡನೇ ದಿನ ಬಲಿಪೀಠದ ಬೆಟ್ಟ. ಗೈಡ್‌ಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ರಂಗಮಂದಿರದ ಹತ್ತಿರ ಮೆಟ್ಟಿಲು ಹತ್ತಿ, ವಾದಿ ಫರಾಸಾ ಕಣಿವೆಯ ಕಡೆಯಿಂದ ಇಳಿಯಿರಿ, ಅಲ್ಲಿ ಜನ ಕಡಿಮೆ. ಇಳಿಯುವಾಗ ಬಂಡೆಯಲ್ಲಿ ಕೆತ್ತಿದ ದೊಡ್ಡ ಸಿಂಹ ಸಿಗುತ್ತದೆ. ಬೆಟ್ಟದ ನೀರು ಅದರ ಬಾಯಿಂದ ಸುರಿಯುತ್ತಿತ್ತಂತೆ.

ಬೆಟ್ಟದ ಮೇಲೆ ಬಂಡೆಯಲ್ಲಿ ಕೆತ್ತಿದ ದೊಡ್ಡ ಸ್ಮಾರಕ ಅದ್ ದೈರ್‌ಗೆ 800ಕ್ಕೂ ಜಾಸ್ತಿ ಮೆಟ್ಟಿಲು. ದಾರಿ ಸ್ಪಷ್ಟವಾಗಿದೆ, ಗೈಡ್ ಬೇಡ. ಮುಖಭಾಗಕ್ಕೆ ಬಿಸಿಲು ಬೀಳುವ ಮಧ್ಯಾಹ್ನದ ಮೇಲೆ ಹೋಗಿ, ನಡೆದೇ ಹತ್ತಿ. ಆ ಮೆಟ್ಟಿಲಲ್ಲಿ ಕತ್ತೆಗಳ ಪಾಡು ನೋಡಲಾಗುವುದಿಲ್ಲ. ದಾರಿಯಲ್ಲಿ ಬೆದೂಯಿನ್ ಎಂಬ ಅರಬ್ ಬುಡಕಟ್ಟಿನ ಹೆಂಗಸರು ಚಹಾ ಮಾರುತ್ತಾರೆ, ಕೂತು ಕುಡಿಯಿರಿ. ಅವರಲ್ಲಿ ಬದುಲ್ ಪಂಗಡದವರು 1980ರ ದಶಕದವರೆಗೂ ಪೆಟ್ರಾದ ಗುಹೆಗಳಲ್ಲೇ ಸಂಸಾರ ಮಾಡುತ್ತಿದ್ದರು, ಈಗ ಉಮ್ ಸೈಹೂನ್ ಹಳ್ಳಿಯಲ್ಲಿದ್ದಾರೆ. ಮಕ್ಕಳು ಮಾರುವ ಪೋಸ್ಟ್‌ಕಾರ್ಡ್ ಮಾತ್ರ ಕೊಳ್ಳಬೇಡಿ, ಮಾರಾಟ ಆದಷ್ಟೂ ಸ್ಕೂಲಿಗೆ ಹೋಗುವುದು ತಪ್ಪುತ್ತದೆ.

ತಲೆಗೆ ಟೋಪಿ, ಕಾಲಿಗೆ ಹಿಡಿತ ಇರುವ ಶೂ, ಒಬ್ಬರಿಗೆ ಮೂರು ಲೀಟರ್ ನೀರು. ಅದ್ ದೈರ್ ಮೆಟ್ಟಿಲಿನ ಬುಡದಿಂದ ವಾಪಸ್ ಗೇಟಿಗೆ ಸುಮಾರು 4 ಕಿಲೋಮೀಟರ್, ಅದೂ ಏರುದಾರಿ. ಕೊನೆಯ ಬಾಟಲಿಯನ್ನು ಅದಕ್ಕೇ ಉಳಿಸಿಕೊಳ್ಳಿ.