ಅಲ್ಲಾಡುವ ಹಲ್ಲು ಕೀಳುವ ಮೊದಲು

ಹುಳುಕಿಲ್ಲದ ಹಲ್ಲು ಅಲ್ಲಾಡುತ್ತದೆ, ದವಡೆ ನೋವಿಲ್ಲದೆ ಊದಿದೆ, ಹಲ್ಲಿನ ಬುಡದಲ್ಲಿ ಆಗಾಗ ರಕ್ತ ಜಿನುಗುತ್ತದೆ. ಈ ಮೂರೂ ಸೇರಿದ್ದರೆ, ಅದರಲ್ಲೂ ಹತ್ತರಿಂದ ಇಪ್ಪತ್ತರ ವಯಸ್ಸಿನವರಲ್ಲಿ, ಆ ಹಲ್ಲಿಗೆ ಇಕ್ಕಳ ಹಾಕಬೇಡಿ. ಮೂಳೆಯೊಳಗೆ ರಕ್ತನಾಳಗಳ ಗಂಟು ಇರಬಹುದು. ಅಪರೂಪದ್ದೇ, ಆದರೆ ಕಿತ್ತ ಗುಳಿಯಿಂದ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತಾಗುವಷ್ಟು ರಕ್ತ ಹೋಗುತ್ತದೆ. ಮಳೆಗಾಲದ ರಾತ್ರಿ ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗ ಮುಟ್ಟುವಷ್ಟು ಪುರುಸೊತ್ತು ಅದು ಕೊಡುವುದಿಲ್ಲ.

ದಂತವೈದ್ಯರು ಕುರ್ಚಿಯಲ್ಲೇ ನೋಡಬಹುದಾದದ್ದು ಇಷ್ಟು: ಹಲ್ಲನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ತಾನಾಗಿ ಮೇಲೆದ್ದರೆ, ಒಸಡು ನೀಲಿಗಟ್ಟಿದ್ದರೆ, ಬೆರಳಿಗೆ ಮಿಡಿತ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಸೂಜಿ, ಬಯಾಪ್ಸಿ (ಪರೀಕ್ಷೆಗೆ ತುಣುಕು ತೆಗೆಯುವುದು) ಎರಡೂ ಬೇಡ, ನೇರ ರಕ್ತನಾಳ ತೋರಿಸುವ ಸ್ಕ್ಯಾನ್‌ಗೆ, ಅಂದರೆ ಸಿಟಿ ಆಂಜಿಯೋಗ್ರಾಮ್‌ಗೆ ಕಳಿಸಿ. ಇಂಥ ಲಕ್ಷಣ ಇಲ್ಲದವರಿಗೆ ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ ಒಪಿಜಿ ಎಕ್ಸ್‌ರೇ. ಅದರಲ್ಲಿ ಜೇನುತಟ್ಟಿಯಂತೆ ಕಂಡಿತೆಂದು ತೀರ್ಪು ಕೊಡಬೇಡಿ. ಹಲ್ಲು ಕಟ್ಟುವ ಅಂಗಾಂಶದಿಂದ ದವಡೆಯಲ್ಲಿ ಬೆಳೆಯುವ ಅಮಿಲೋಬ್ಲಾಸ್ಟೋಮಾ ಗಡ್ಡೆಯೂ ಹಾಗೇ ಕಾಣುತ್ತದೆ, ರಕ್ತನಾಳದ ಗಂಟೂ ಹಾಗೇ. ಬಯಾಪ್ಸಿಗೆ ಮೊದಲು 18 ಗೇಜ್‌ನ ದಪ್ಪ ಸೂಜಿ ಹಾಕಿ ಎಳೆದು ನೋಡುವುದು ಇದಕ್ಕೇ. ಹಳದಿ ನೀರು ಬಂದರೆ ನೀರುಗಡ್ಡೆಯೋ, ಒಂದೇ ಕೋಣೆಯ ಅಮಿಲೋಬ್ಲಾಸ್ಟೋಮಾವೋ ಇರಬೇಕು. ಕೆಂಪು ರಕ್ತ ಸಿರಿಂಜಿನ ಹಿಡಿಯನ್ನು ತಾನೇ ಹಿಂದಕ್ಕೆ ತಳ್ಳಿದರೆ ಸೂಜಿ ತೆಗೆದು ಒತ್ತಿ ಹಿಡಿಯಿರಿ.

ಗೊತ್ತಿಲ್ಲದೆ ಕಿತ್ತಾಗಿದೆ, ರಕ್ತ ಚಿಮ್ಮುತ್ತಿದೆ ಎನ್ನಿ. ಕಿತ್ತ ಹಲ್ಲನ್ನೇ ಗುಳಿಗೆ ವಾಪಸ್ ತುರುಕಿ, ಮೇಲೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ದಪ್ಪಗೆ ಮಡಿಸಿಟ್ಟು ಗಟ್ಟಿಯಾಗಿ ಕಚ್ಚಿಸಿ. ಅದಕ್ಕಿಂತ ಒಳ್ಳೆಯ ಬಿರಡೆ ಆ ಹೊತ್ತಿಗೆ ಸಿಗುವುದಿಲ್ಲ. ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ. ರಕ್ತ ನುಂಗದೆ ಹೊರಗೆ ಹರಿಯಲಿ. ನಿಂತಿತಾ ಎಂದು ಎರಡೆರಡು ನಿಮಿಷಕ್ಕೆ ತೆಗೆದು ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಬಾಯಿ ಮುಕ್ಕಳಿಸುವುದು, ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು ಯಾವುದೂ ಬೇಡ. ಕೆನ್ನೆ, ತುಟಿ ಸೀಳಿ ರಕ್ತ ಬರುತ್ತಿದ್ದರೆ ಗಾಯದ ಮೇಲೆ ಒತ್ತುವುದರ ಜೊತೆಗೆ ಇನ್ನೊಂದು ಜಾಗವಿದೆ: ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯುವಿನ ಮುಂದಂಚು ದವಡೆಯ ಕೆಳಅಂಚನ್ನು ಮುಟ್ಟುವಲ್ಲಿ ಮುಖದ ಧಮನಿ ಮಿಡಿಯುತ್ತದೆ. ಅದನ್ನು ಹೆಬ್ಬೆರಳಿನಿಂದ ಮೂಳೆಗೆ ಒತ್ತಿ. 108ಕ್ಕೆ ಫೋನ್ ಮಾಡುವುದು ಇದೆಲ್ಲದರ ನಡುವೆಯೇ ಆಗಬೇಕು.

ಮಲೆನಾಡಿನಲ್ಲಿ ಒಸಡಿನ ರಕ್ತ ಎಂದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಜ್ವರ ಇದೆಯಾ, ಕಾಡಿಗೆ ಹೋಗಿದ್ದರಾ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ಒಸಡು, ಮೂಗಿನಿಂದ ರಕ್ತ ಬರುತ್ತದೆ. ಅಂಥವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು.

ಮತ್ತೆ ದವಡೆಗೆ ಬರೋಣ: ರಕ್ತನಾಳದ ಗಂಟು, ಅಮಿಲೋಬ್ಲಾಸ್ಟೋಮಾ ಎರಡಕ್ಕೂ ಶಸ್ತ್ರಚಿಕಿತ್ಸೆ ಬೇರೆ ಬೇರೆ. ರಕ್ತನಾಳದ ಗಂಟಿಗೆ ಕುತ್ತಿಗೆಯ ದೊಡ್ಡ ಧಮನಿ ಕಟ್ಟಿದರೆ ಸಾಲದು. ಆಚೆ ಬದಿಯ ನಾಳಗಳು ಬೇಗ ರಕ್ತ ತುಂಬಿಕೊಡುತ್ತವೆ, ಮೇಲಾಗಿ ಕ್ಯಾತಿಟರ್ (ರಕ್ತನಾಳದೊಳಗೆ ಹಾಕುವ ಸಣ್ಣ ಕೊಳವೆ) ಹೋಗುವ ದಾರಿಯೂ ಮುಚ್ಚಿಹೋಗುತ್ತದೆ. ಮೊದಲು ತೊಡೆಸಂದಿನಿಂದ ಕ್ಯಾತಿಟರ್ ಹಾಕಿ ಅಂಟು, ಸುರುಳಿ ಅಥವಾ ಸಣ್ಣ ಕಣಗಳಿಂದ ಗಂಟನ್ನೇ ಮುಚ್ಚಬೇಕು. ಆಮೇಲೆ ಕೊಯ್ಯುವುದಿದ್ದರೆ ಎರಡು ಮೂರು ದಿನದೊಳಗೆ. ತಡವಾದರೆ ಹೊಸ ನಾಳಗಳು ತೆರೆದುಕೊಳ್ಳುತ್ತವೆ.

ಅಮಿಲೋಬ್ಲಾಸ್ಟೋಮಾದಲ್ಲಿ ಬರೀ ಕೆರೆದು ತೆಗೆಯುವ ಆಸೆ ರೋಗಿಗೂ ಇರುತ್ತದೆ, ವೈದ್ಯರಿಗೂ. ಆದರೆ ಹಲವು ಕೋಣೆಗಳ ಬಗೆಯಲ್ಲಿ ಗಡ್ಡೆಯ ಕೋಶಗಳು ಎಕ್ಸ್‌ರೇಯಲ್ಲಿ ಕಾಣುವ ಅಂಚಿಗಿಂತ ಆಚೆ ಮೂಳೆಯ ಸಂದುಗಳಲ್ಲಿ ಸೇರಿರುತ್ತವೆ. ಹಾಗಾಗಿ ಸುತ್ತಲಿನ 1ರಿಂದ 2 ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ತೆಗೆಯುತ್ತಾರೆ. ಕೆಳಗೆ ಸುಮಾರು 1 ಸೆಂಟಿಮೀಟರ್ ಗಟ್ಟಿ ಮೂಳೆ ಉಳಿಯುವಂತಿದ್ದರೆ ದವಡೆ ತುಂಡಾಗದಂತೆ ನೋಡಿಕೊಳ್ಳಬಹುದು. ಉಳಿಯದಿದ್ದರೆ ಟೈಟಾನಿಯಂ ಪ್ಲೇಟು, ಕಾಲಿನ ಫಿಬುಲಾ ಮೂಳೆಯನ್ನು ಅದರ ರಕ್ತನಾಳ ಸಮೇತ ತಂದು ಜೋಡಿಸುವುದು. ಊತ ಮತ್ತೆ ಕಾಣದಿದ್ದರೂ ಮೊದಲ ಐದು ವರ್ಷ ತಪ್ಪದೆ, ಆಮೇಲೂ ವರ್ಷಕ್ಕೊಮ್ಮೆ ಎಕ್ಸ್‌ರೇ ಬೇಕು; ಈ ಗಡ್ಡೆ ಹತ್ತು ವರ್ಷ ಕಳೆದು ಮರುಕಳಿಸಿದ್ದೂ ಉಂಟು.