ಜರ್ಮನಿಗೆ ಬಂದಿಳಿದ ಮೇಲೆ: ಮೊದಲು ಯಾವ ಕೆಲಸ?

ಜರ್ಮನಿಗೆ ಬರುವವರು ನನ್ನನ್ನು ಕೇಳೋದು ಬ್ಯಾಂಕ್ ಖಾತೆ, ಸಿಮ್ ಕಾರ್ಡ್ ಬಗ್ಗೆ. ನಾನು ಹೇಳೋದು ಒಂದೇ: ಮೊದಲು ವಿಳಾಸ ನೋಂದಾಯಿಸಿ. ಇದಕ್ಕೆ ಇಲ್ಲಿ ಆನ್‌ಮೆಲ್ಡುಂಗ್ ಅಂತಾರೆ. ಮನೆಗೆ ಬಂದ ಎರಡು ವಾರದೊಳಗೆ ಆಗಬೇಕು ಅನ್ನೋದು ಕಾನೂನು. ಬೇರೆ ಎಷ್ಟೋ ಕೆಲಸಗಳಿಗೆ ನೋಂದಣಿಯಾದಾಗ ಕೊಡುವ ಒಂದು ಹಾಳೆಯೇ ಆಧಾರ.

ಅದಕ್ಕೆ ಪಾಸ್‌ಪೋರ್ಟ್ ಜೊತೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲದು. ಹಾಗಾಗಿ ಮನೆ ಒಪ್ಪಿಕೊಳ್ಳುವ ಮೊದಲೇ "ಇಲ್ಲಿ ಆನ್‌ಮೆಲ್ಡುಂಗ್ ಮಾಡಬಹುದಾ?" ಅಂತ ಕೇಳಿಬಿಡಿ. ಆಗಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಆ ಮನೆ ಬೇಡ. ದೊಡ್ಡ ಊರುಗಳಲ್ಲಿ ಟರ್ಮಿನ್, ಅಂದರೆ ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್, ಸಿಗೋದೇ ಕಷ್ಟ. ಯಾರಾದರೂ ರದ್ದು ಮಾಡಿದ್ದು ಬೆಳಿಗ್ಗೆ ಬೇಗ ನೋಡಿದರೆ ಸಿಗಬಹುದು. ಬರ್ಲಿನ್‌ನಲ್ಲಾದರೆ ಯಾವ ಬಡಾವಣೆಯ ಕಚೇರಿಗೆ ಹೋದರೂ ನಡೆಯುತ್ತದೆ.

ನೋಂದಣಿ ಮುಗಿಸಿ ಬಂದ ದಿನವೇ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ನಾನು ಅಂಟಿಸಿರಲಿಲ್ಲ. ಇಲ್ಲಿ ವಿಳಾಸಕ್ಕೆ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಕಡಿಮೆ, ಪೋಸ್ಟ್‌ಮ್ಯಾನ್ ಹೆಸರು ನೋಡಿಯೇ ಹಾಕುವುದು. ಪೆಟ್ಟಿಗೆ ಮೇಲೆ ಹಳೆ ಬಾಡಿಗೆದಾರರ ಹೆಸರಿತ್ತು. ನೋಂದಣಿ ಆದ ಮೇಲೆ ಅಂಚೆಯಲ್ಲಿ ಬರುವ, 11 ಅಂಕಿಯ ತೆರಿಗೆ ಸಂಖ್ಯೆ ಇದ್ದ ಪತ್ರ ವಾಪಸ್ ಹೋಯಿತು. ಆ ಸಂಖ್ಯೆ ಇಲ್ಲದೆ ಮೊದಲ ಸಂಬಳ ಬಂತು, ಅತಿ ಹೆಚ್ಚು ತೆರಿಗೆಯ ಆರನೇ ವರ್ಗದಲ್ಲಿ ಕಡಿತವಾಗಿ! ಪೇಸ್ಲಿಪ್ ನೋಡಿ ಎದೆ ಧಸಕ್ಕೆಂದಿತು. ಆಮೇಲೆ ಸರಿಯಾಯಿತು ನಿಜ, ಆದರೆ ಮನೆ ಹೂಡುವ ತಿಂಗಳಲ್ಲೇ ಕೈ ಖಾಲಿಯಾದರೆ ತುಂಬಾ ಕಷ್ಟ. ಗಂಡ ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ಬೇರೆ ಬೇರೆ ಸರ್‌ನೇಮ್ ಇದ್ದರೆ ಎರಡನ್ನೂ ಬರೆಯಿರಿ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ. ಕರೆಗಂಟೆಯ ಪಕ್ಕದಲ್ಲೂ ಅಷ್ಟೇ.

ಈಗ ಬಾಡಿಗೆ ವಿಷಯ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣೋದು ಹೆಚ್ಚಾಗಿ ಕಾಲ್ಟ್‌ಮೀಟೆ, ಬರೀ ಜಾಗದ ಬಾಡಿಗೆ. ಹೀಟಿಂಗ್, ನೀರು, ಕಸದ ಖರ್ಚು ಸೇರಿದರೆ ವಾರ್ಮ್‌ಮೀಟೆ. ಲೆಕ್ಕ ಹಾಕುವಾಗ ಅದನ್ನೇ ಹಿಡಿಯಿರಿ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರ ಮೇಲೆ ಬೇರೆ. ಮುಂಗಡ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಮನೆ ನೋಡುವ ಮೊದಲೇ ಯಾರಾದರೂ ದುಡ್ಡು ಕಳಿಸಿ ಅಂದರೆ ದಯವಿಟ್ಟು ಕಳಿಸಬೇಡಿ.

ಖಾಲಿ ಮನೆ ಅಂದರೆ ಇಲ್ಲಿ ನಿಜಕ್ಕೂ ಖಾಲಿ. ನಮ್ಮ ಅಡುಗೆಮನೆಯಲ್ಲಿ ಇದ್ದದ್ದು ಗೋಡೆಯಿಂದ ಹೊರಗೆ ಬಂದ ಎರಡು ನಲ್ಲಿ ಪೈಪು, ಚಾವಣಿಯಿಂದ ನೇತಾಡುವ ವೈರು ಅಷ್ಟೇ. ಒಲೆ ಇಲ್ಲ, ಸಿಂಕ್ ಇಲ್ಲ, ಬಲ್ಬ್ ಇಲ್ಲ. ಕೀ ತೆಗೆದುಕೊಳ್ಳುವಾಗ ಗೋಡೆಯ ಪ್ರತಿ ಗೀರು, ಮೀಟರ್‌ನ ಅಂಕಿ ಎಲ್ಲದರ ಫೋಟೋ ತೆಗೆದು, ಹಸ್ತಾಂತರದ ಪತ್ರದಲ್ಲಿ ಬರೆಸಿ. ಮನೆ ಬಿಡುವಾಗ ಮುಂಗಡ ವಾಪಸ್ ಪಡೆಯಲು ಅದೇ ಸಾಕ್ಷಿ.

ಕೆಲವು ದಿನಕ್ಕೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತದೆ. ಟಿವಿ ಇಲ್ಲ ಅಂತ ಎಸೆಯಬೇಡಿ, ಇದು ಮನೆಗೊಂದು ಕಟ್ಟಲೇಬೇಕಾದದ್ದು, ತಿಂಗಳಿಗೆ 18.36 ಯೂರೋ. ಜೊತೆಯಲ್ಲಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ ಬರೆದು ಕಳಿಸಿದರೆ ಸಾಕು.

ಭಾರತದ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿನ ಲೈಸೆನ್ಸ್‌ಗೆ ಥಿಯರಿ, ರಸ್ತೆ ಎರಡೂ ಪರೀಕ್ಷೆ ಪಾಸಾಗಬೇಕು.

ಇನ್ನು ಮೂರು ನಂಬರ್ ಫ್ರಿಜ್ ಮೇಲೆ ಅಂಟಿಸಿಡಿ. ಆಂಬ್ಯುಲೆನ್ಸ್, ಬೆಂಕಿ: 112. ಪೊಲೀಸ್: 110. ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದು, ಜೀವಕ್ಕೆ ಅಪಾಯ ಇಲ್ಲದಿದ್ದರೂ ಡಾಕ್ಟರ್ ಬೇಕೇ ಬೇಕು ಅನಿಸಿದರೆ: 116117.